ಬುಡಾಪೆಸ್ಟ್ ಗ್ಯಾಂಬಿಟ್ ಆಡುವುದು ಹೇಗೆ: ಮೂರನೇ ನಡೆ ಆದಮೇಲೆ ಏನು?

ಚೆಸ್‌ನಲ್ಲಿ ಬಿಳಿ ಡಿ4 ಆಡಿದಾಗ ಬುಡಾಪೆಸ್ಟ್ ಗ್ಯಾಂಬಿಟ್‌ನಿಂದ, ಅಂದರೆ ಶುರುವಲ್ಲೇ ಒಂದು ಪಾನ್ ಬಿಟ್ಟುಕೊಟ್ಟು ಆಡುವ ದಾರಿಯಿಂದ, ಉತ್ತರ ಕೊಡುವವರು ಕಡಿಮೆ. ಆ ಕಡಿಮೆ ಜನರಲ್ಲೂ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲ ಮೂರು ನಡೆ ಬಾಯಿಪಾಠ ಆಗಿರುತ್ತದೆ. ಒಂದು ಚೆಕ್‌ಮೇಟ್ ಬಲೆಯೂ ಬಾಯಿಪಾಠ ಆಗಿರುತ್ತದೆ. ಎದುರಾಳಿ ಬಲೆಗೆ ಬಿದ್ದರೆ ಐದು ನಿಮಿಷದಲ್ಲಿ ಗೆಲುವು. ಬೀಳದಿದ್ದರೆ ಹತ್ತನೇ ನಡೆಗೇ ಕೈ ನಿಂತುಹೋಗುತ್ತದೆ. ನನ್ನ ಹತ್ತಿರ ಕಲಿಯುವ ಮಕ್ಕಳ ಸ್ಕೋರ್‌ಶೀಟ್‌ಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಸೋತ ಆಟಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

ಅದಕ್ಕೇ ಇಲ್ಲಿ ಬಲೆಗಿಂತ ಕ್ರಮಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಈ ಓಪನಿಂಗ್ (ಆಟದ ಶುರುವಿನ ನಡೆಗಳ ದಾರಿ) ಪೂರ್ತಿ ಇ5 ಎಂಬ ಒಂದು ಮನೆಯ ಸುತ್ತ ತಿರುಗುತ್ತದೆ. ಆ ಮನೆಯನ್ನು ಎಣಿಸುವುದು ಬಂದರೆ ಅರ್ಧ ಕೆಲಸ ಮುಗಿಯಿತು.

## ಶುರು ಮಾಡುವ ಮುನ್ನ

ನಿಜವಾದ ಬೋರ್ಡ್ ಒಂದು ಇರಲಿ. ಮೊಬೈಲ್‌ನಲ್ಲಿ ನೋಡುತ್ತಾ ಹೋದರೆ ನಡೆಗಳ ಹಿಂದುಮುಂದು ತಲೆಯಲ್ಲಿ ಉಳಿಯುವುದಿಲ್ಲ. ಆಟ ಉಳಿಸಿಡಲು ಮತ್ತು ಆಮೇಲೆ ಪರೀಕ್ಷಿಸಲು ಲಿಚೆಸ್ ಎಂಬ ಚೆಸ್ ವೆಬ್‌ಸೈಟ್ ಸಾಕು, ಅದು ಉಚಿತ. ಅದರೊಳಗೇ ಸ್ಟಾಕ್‌ಫಿಶ್ ಎಂಜಿನ್, ಅಂದರೆ ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ, ಇದೆ. ಡೇಟಾಬೇಸ್‌ನಲ್ಲಿ ಹುಡುಕುವಾಗ ಎ52 ಎಂಬ ಸಂಕೇತ ಹಾಕಿದರೆ ಇಲ್ಲಿ ಹೇಳುವ ಮುಖ್ಯ ದಾರಿಯ ಆಟಗಳು ಸಿಗುತ್ತವೆ.

ಬರೆಯುವ ರೀತಿ ಸರಳ. ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನ ನಡೆ. ಬರೀ ಮನೆಯ ಹೆಸರಿದ್ದರೆ ಅದು ಪಾನ್. × ಎಂದರೆ ಹೊಡೆತ, + ಎಂದರೆ ಚೆಕ್. ಮೂರು ಚುಕ್ಕಿ ಹಾಕಿದ್ದರೆ ಅದು ಕಪ್ಪಿನ ನಡೆ. ನಾವು ಕಪ್ಪು ಕಾಯಿಯ ಕಡೆ ಕೂತಿದ್ದೇವೆ.

## ಹಂತ 1: ಮೊದಲ ಮೂರು ನಡೆ, ಮತ್ತು ಆಡಬಾರದ ಸಂದರ್ಭ

1. ಡಿ4, ಕುದುರೆ ಎಫ್6
2. ಸಿ4, ಇ5
3. ಡಿ×ಇ5, ಕುದುರೆ ಜಿ4

ಎರಡನೇ ನಡೆಯಲ್ಲಿ ಬಿಳಿ ಸಿ4 ಆಡಿದರೆ ಮಾತ್ರ ಇ5 ಆಡಬೇಕು. ಬಿಳಿ ಕುದುರೆ ಎಫ್3 ಆಡಿದ್ದರೆ ಅಥವಾ ಒಂಟೆಯನ್ನು ಎಫ್4ಕ್ಕೆ ತಂದಿದ್ದರೆ ಇ5 ಆಡಬೇಡಿ, ಪಾನ್ ಸುಮ್ನೆ ಹೋಗುತ್ತದೆ. ಇದು ಗೊತ್ತಿದ್ದೂ ಕೈ ತಾನಾಗಿ ಇ5ಕ್ಕೆ ಹೋಗುವುದನ್ನು ಕಂಡಿದ್ದೇನೆ. ಬಿಳಿಯ ಎರಡನೇ ನಡೆ ನೋಡುವ ತನಕ ಇ ಪಾನ್ ಮುಟ್ಟಬೇಡಿ. ಸಿ4 ಬರದ ಆಟಗಳಿಗೆ ಬೇರೊಂದು ಓಪನಿಂಗ್ ತಯಾರಿರಬೇಕು.

ಸಿ4 ಯಾಕೆ ಅಷ್ಟು ಮುಖ್ಯ? ಆ ಪಾನ್ ಮುಂದೆ ಹೋದಮೇಲೆ ಸಿ3ಕ್ಕೆ ಬರಲಾರದು. ಹಾಗಾಗಿ ನಮ್ಮ ಒಂಟೆ ಬಿ4ರಿಂದ ಚೆಕ್ ಕೊಟ್ಟಾಗ ಪಾನ್ ಅಡ್ಡ ಇಟ್ಟು ತಡೆಯಲು ಆಗುವುದಿಲ್ಲ. ಡಿ3 ಮನೆಗೂ ಸಿ ಪಾನ್‌ನ ಕಾವಲು ಇಲ್ಲ. ಮುಂದೆ ಬರುವ ಎಲ್ಲದಕ್ಕೂ ಈ ಎರಡು ಸಂಗತಿಯೇ ಬೇರು.

ಮೂರನೇ ನಡೆಯಲ್ಲಿ ಕುದುರೆಯನ್ನು ಇ4ಕ್ಕೆ ಹಾಕುವ ಇನ್ನೊಂದು ದಾರಿ ಇದೆ, ಫಜರೋವಿಚ್ ಎಂದು ಹೆಸರು. ಅದರ ಲೆಕ್ಕವೇ ಬೇರೆ. ಎರಡನ್ನೂ ಒಟ್ಟಿಗೆ ಕಲಿಯಬೇಡಿ, ನಡೆಗಳು ಕಲಸಿಹೋಗುತ್ತವೆ.

## ಹಂತ 2: ಇ5 ಮನೆಯನ್ನು ಎಣಿಸಿ

ಹೆಸರು ಗ್ಯಾಂಬಿಟ್ ಆದರೂ ಹೆಚ್ಚಿನ ಸಲ ಪಾನ್ ವಾಪಸ್ ಬರುತ್ತದೆ. ಯಾವಾಗ ಹೊಡೆಯಬೇಕು ಎನ್ನುವುದೇ ಪ್ರಶ್ನೆ.

ಇ5 ಮೇಲೆ ನಾವು ಮೂರು ಕಾಯಿ ತರಬಹುದು: ಜಿ4ರ ಕುದುರೆ, ಸಿ6ಕ್ಕೆ ಬರುವ ಕುದುರೆ, ಇ7ಕ್ಕೆ ಬರುವ ರಾಣಿ. ಬಿಳಿಯೂ ಮೂರು ಕಾವಲು ಇಡಬಹುದು: ಎಫ್3 ಕುದುರೆ, ಎಫ್4 ಒಂಟೆ, ಡಿ5 ರಾಣಿ. ಪ್ರತಿ ನಡೆಗೂ ಮೊದಲು ಎರಡೂ ಕಡೆ ಎಣಿಸಿ. ನಮ್ಮದು ಒಂದಾದರೂ ಜಾಸ್ತಿ ಇದ್ದರೆ ಹೊಡೆಯಬಹುದು. ಸಮ ಇದ್ದರೆ ಹೊಡೆಯಬಾರದು, ಹೊಡೆದರೆ ಒಂದು ಕಾಯಿ ಕಳೆದುಕೊಳ್ಳುತ್ತೀರಿ.

ಇನ್ನೊಂದು ಎಚ್ಚರ. ಜಿ4ರ ಕುದುರೆಗೆ ಯಾರೂ ಕಾವಲಿಲ್ಲ. ಬಿಳಿಯ ಇ ಪಾನ್ ಕದಲಿದ ಕ್ಷಣ ಡಿ1ರ ರಾಣಿಗೆ ಜಿ4ರ ತನಕ ದಾರಿ ತೆರೆಯುತ್ತದೆ. ಆದ್ದರಿಂದ ನಾಲ್ಕನೇ ನಡೆಯಾಗಿ ಇ3 ಅಥವಾ ಇ4 ಬಂದರೆ ಯೋಚನೆ ಬೇಡ, ತಕ್ಷಣ ಕುದುರೆಯಿಂದ ಇ5 ಹೊಡೆಯಿರಿ.

## ಹಂತ 3: ಬಿಳಿ 4. ಕುದುರೆ ಎಫ್3 ಆಡಿದರೆ

ಇದು ಕಪ್ಪಿಗೆ ಖುಷಿ ಕೊಡುವ ದಾರಿ. ಆದರೆ ಮೊದಲ ಉತ್ತರದಲ್ಲೇ ತುಂಬ ಜನ ಕ್ರಮ ತಪ್ಪುತ್ತಾರೆ. ಅಭ್ಯಾಸಬಲದಿಂದ ಕುದುರೆಯನ್ನು ಸಿ6ಕ್ಕೆ ತರುತ್ತಾರೆ. ಆಗ ಬಿಳಿಯ ಸಿ1 ಒಂಟೆ ಎಫ್4 ಅಥವಾ ಜಿ5ಕ್ಕೆ ಆರಾಮವಾಗಿ ಹೊರಬರುತ್ತದೆ.

ಮೊದಲು 4... ಒಂಟೆ ಸಿ5. ಈಗ ಎಫ್2 ಮೇಲೆ ಒಂಟೆ, ಕುದುರೆ ಎರಡರ ದಾಳಿ ಇದೆ. ಬಿಳಿ 5. ಇ3 ಆಡಲೇಬೇಕಾಗುತ್ತದೆ. ಆ ಪಾನ್ ತನ್ನದೇ ಸಿ1 ಒಂಟೆಯ ಬಾಗಿಲು ಮುಚ್ಚುತ್ತದೆ. ಈಗ 5... ಕುದುರೆ ಸಿ6. ಎಣಿಸಿ: ನಮ್ಮದು ಎರಡು, ಅವರದು ಒಂದು.

ಬಿಳಿ 6. ರಾಣಿ ಡಿ5 ಆಡಿ ಪಾನ್ ಉಳಿಸಲು ನೋಡಿದರೆ 6... ರಾಣಿ ಇ7. ಇದರಿಂದ ಸಿ5ರ ಒಂಟೆಗೂ ಕಾವಲು ಸಿಕ್ಕಿತು, ಇ5 ಲೆಕ್ಕವೂ ಮೂರಕ್ಕೆ ಎರಡಾಯಿತು. ಬಿಳಿ 6. ಎ3 ಆಡಿದರೆ ಅದರ ಮನಸ್ಸಿನಲ್ಲಿರುವುದು ಬಿ4. ಅದನ್ನು 6... ಎ5 ತಡೆಯುತ್ತದೆ.

ಸಾಮಾನ್ಯವಾಗಿ ಆಟ ಹೀಗೆ ಸಾಗುತ್ತದೆ: 6. ಒಂಟೆ ಇ2, ಕ್ಯಾಸ್ಲಿಂಗ್ 7. ಕ್ಯಾಸ್ಲಿಂಗ್, ಆನೆ ಇ8 8. ಕುದುರೆ ಸಿ3, ಜಿ4ರ ಕುದುರೆ×ಇ5 9. ಕುದುರೆ×ಇ5, ಕುದುರೆ×ಇ5. ಪಾನ್ ವಾಪಸ್ ಬಂತು. ನಮ್ಮ ಕುದುರೆ ಇ5ರಲ್ಲಿ ಗಟ್ಟಿಯಾಗಿ ಕೂತಿದೆ.

ಮಕ್ಕಳು ನಿಂತುಹೋಗುವುದು ಇಲ್ಲೇ. "ಸರ್, ಪಾನ್ ಬಂತು, ಈಗ ಏನು ಮಾಡ್ಲಿ?" ಅಂತ ಕೇಳುತ್ತಾರೆ. ಸುಮ್ನೆ ಡಿ6 ಆಡಿ ಒಂಟೆಗೆ ದಾರಿ ಮಾಡೋಣ ಅನ್ನಿಸುವುದು ಸಹಜ. ಸ್ವಲ್ಪ ತಡೆಯಿರಿ.

ಬಿಳಿ 10. ಬಿ3 ಆಡಿತು ಅಂದುಕೊಳ್ಳಿ. ಉತ್ತರ 10... ಎ5. ಮುಂದೆ 11. ಒಂಟೆ ಬಿ2, ಆನೆ ಎ6! ಮೂಲೆಯ ಆನೆ ಆರನೇ ಸಾಲು ಹಿಡಿದು ಜಿ6 ಅಥವಾ ಎಚ್6ಕ್ಕೆ ಹೋಗುತ್ತದೆ. ರಾಣಿ ಎಚ್4ಕ್ಕೆ ಬರುತ್ತದೆ. ಬಿಳಿ ರಾಜನ ಮುಂದಿರುವ ಎಚ್2 ಮೇಲೆ ಭಾರ ಬೀಳುತ್ತದೆ. ಆರನೇ ಸಾಲು ಖಾಲಿ ಇದ್ದರೆ ಮಾತ್ರ ಇದು ಆಗುವ ಕೆಲಸ. ಡಿ6 ಮೊದಲೇ ಆಡಿಬಿಟ್ಟರೆ ಸ್ವಂತ ಪಾನ್ ಆನೆಗೆ ಅಡ್ಡ ನಿಲ್ಲುತ್ತದೆ. ಆನೆ ದಾಟಿದಮೇಲೆ ಡಿ6 ಆಡಿ. ಆಗ ಸಿ8ರ ಒಂಟೆಯೂ ರಾಜನ ಕಡೆಗೇ ತೆರೆದುಕೊಳ್ಳುತ್ತದೆ.

ಎ5 ನಡೆಗೆ ಇನ್ನೊಂದು ಲಾಭ ಇದೆ. ಬಿಳಿಯ ಕುದುರೆ ಎ4 ಅಥವಾ ಇ4ಕ್ಕೆ ಬಂದು ಸಿ5ರ ಒಂಟೆಯನ್ನು ಕೆಣಕಿದರೆ ಅದು ಎ7ಕ್ಕೆ ಸರಿಯಬಹುದು. ಆದರೆ ಆನೆ ಇನ್ನೂ ಎ6ರಲ್ಲೇ ಇರುವಾಗ ಒಂಟೆ ಎ7ಕ್ಕೆ ಹೋದರೆ ಸಿ5 ಎಂಬ ಬಿಳಿಯ ತಳ್ಳು ನೋಡಿಕೊಳ್ಳಿ. ಪಾನ್ ಮುಂದೆ ಹೋದೊಡನೆ ಇ2ರ ಒಂಟೆಯ ಕಣ್ಣು ನೇರ ಎ6ರ ಆನೆ ಮೇಲೆ ಬೀಳುತ್ತದೆ. ಕೂಡಲೇ ಆನೆಯನ್ನು ಪಕ್ಕಕ್ಕೆ ನಡೆಸಿ.

ಬಿಳಿ ಎಫ್4 ಆಡಿ ಇ5 ಕುದುರೆಯನ್ನು ಓಡಿಸಿದರೆ ಗಾಬರಿ ಬೇಡ. ಇ3 ಪಾನ್ ಕಡೆ ನೋಡಿ. ಅದರ ಪಕ್ಕದ ಕಾವಲು ಹೋಯಿತು. ಇ8ರ ಆನೆಯೂ ಸಿ5ರ ಒಂಟೆಯೂ ಅದರತ್ತಲೇ ನೋಡುತ್ತಿವೆ. ಬಿಳಿ ರಾಜ ಈ ಕಡೆ ಕ್ಯಾಸ್ಲಿಂಗ್ ಮಾಡಿಲ್ಲ ಅಂದರೆ ಆನೆಯ ಈ ಓಡಾಟವೂ ಬೇಡ, ಮಾಮೂಲಿ ಡಿ6 ಆಡಿ.

## ಹಂತ 4: ಬಿಳಿ 4. ಒಂಟೆ ಎಫ್4 ಆಡಿದರೆ

ತಯಾರಾಗಿ ಬಂದ ಎದುರಾಳಿ ಜಾಸ್ತಿ ಆಡುವುದು ಇದನ್ನೇ. ಒಂಟೆ ಹೊರಗೆ ಬಂದಮೇಲೆ ಇ3 ಆಡಿದರೂ ಅದಕ್ಕೆ ತೊಂದರೆ ಇಲ್ಲ. ಹಾಗಾಗಿ ಸಿ5ಕ್ಕೆ ಒಂಟೆ ತರುವ ಯೋಜನೆಗೆ ಇಲ್ಲಿ ಬಲ ಕಡಿಮೆ. ನಮ್ಮ ಒಂಟೆ ಬಿ4ಕ್ಕೆ ಹೋಗಬೇಕು.

4... ಕುದುರೆ ಸಿ6 5. ಕುದುರೆ ಎಫ್3, ಒಂಟೆ ಬಿ4+

ಚೆಕ್ ತಡೆಯಲು ಬಿಳಿಗೆ ಎರಡು ಮುಖ್ಯ ದಾರಿ. ಎರಡಕ್ಕೂ ನಮ್ಮ ಉತ್ತರ ಬೇರೆ ಬೇರೆ. ಇವನ್ನು ಒಂದಕ್ಕೊಂದು ಬೆರೆಸುವುದೇ ಸೋಲಿಗೆ ದೊಡ್ಡ ಕಾರಣ.

ದಾರಿ ಒಂದು: 6. ಬಿ1ರ ಕುದುರೆ ಡಿ2. ಉತ್ತರ 6... ರಾಣಿ ಇ7. ಲೆಕ್ಕ ಮೂರಕ್ಕೆ ಎರಡು. ಈಗ 7. ಎ3 ಬಂದರೆ ಒಂಟೆ ಹೋಗುತ್ತೆ ಅಂತ ಹೆದರಿ ಹಿಂದೆ ತೆಗೆಯಬೇಡಿ. 7... ಜಿ4ರ ಕುದುರೆ×ಇ5! ಬಿಳಿ 8. ಎ×ಬಿ4 ಹೊಡೆದರೆ 8... ಕುದುರೆ ಡಿ3 ಚೆಕ್‌ಮೇಟ್. ಇ2ರ ಪಾನ್ ನಮ್ಮ ರಾಣಿಯ ಎದುರು ಪಿನ್ ಆಗಿದೆ, ಅಂದರೆ ಕದಲಿದರೆ ಅದರ ರಾಜನಿಗೇ ಚೆಕ್ ಬೀಳುತ್ತದೆ, ಹಾಗಾಗಿ ಕುದುರೆಯನ್ನು ಹೊಡೆಯಲಾರದು. ರಾಜನ ಸುತ್ತ ಅವನದೇ ಕಾಯಿಗಳು. ಕೀನಿಂಗರ್ ಬಲೆ ಎಂದು ಕರೆಯುವುದು ಇದನ್ನೇ.

ಬಲೆ ಗೊತ್ತಿರುವವರು ಹೀಗೆ ಆಡುತ್ತಾರೆ: 8. ಕುದುರೆ×ಇ5, ಕುದುರೆ×ಇ5 9. ಇ3, ಒಂಟೆ×ಡಿ2+ 10. ರಾಣಿ×ಡಿ2, ಡಿ6. ಈ ಜಾಗವನ್ನು ಬೋರ್ಡ್ ಮೇಲೆ ಇಟ್ಟುಕೊಂಡು ನಿಧಾನ ನೋಡಿ. ನಿಮ್ಮ ಆಟಗಳಲ್ಲಿ ಬಲೆಗಿಂತ ಹೆಚ್ಚು ಸಲ ಬರುವುದು ಇದೇ. ಬಿಳಿಗೆ ಎರಡು ಒಂಟೆಗಳಿವೆ, ಎಂಜಿನ್ ಬಿಳಿಗೆ ಸ್ವಲ್ಪ ಮೇಲುಗೈ ತೋರಿಸುತ್ತದೆ. ಅದನ್ನು ಒಪ್ಪಿಕೊಂಡೇ ಈ ಓಪನಿಂಗ್ ಆಡಬೇಕು. ನಮ್ಮ ಹತ್ತಿರ ಗಟ್ಟಿ ಪಾನ್ ಸಾಲು ಇದೆ, ಇ5ರಲ್ಲಿ ಒಳ್ಳೆಯ ಕುದುರೆ ಇದೆ.

ಬಿಳಿಯ ಯೋಜನೆ ಒಂದೇ: ಬಿ4 ಆಡಿ, ಆಮೇಲೆ ಸಿ5 ತಳ್ಳುವುದು. ಇ5 ಕುದುರೆಗೆ ಡಿ6 ಪಾನ್ ಆಸರೆ. ಸಿ5 ಆ ಆಸರೆಗೇ ಏಟು ಹಾಕುತ್ತದೆ, ಒಂಟೆಗಳಿಗೆ ದಾರಿಯನ್ನೂ ತೆರೆಯುತ್ತದೆ. ಪಾನ್ ಬಲಿ ಕೊಟ್ಟಾದರೂ ಅದನ್ನು ತಳ್ಳುವವರಿದ್ದಾರೆ. ಹಾಗಾಗಿ ನಮ್ಮ ಕೆಲಸದ ಕ್ರಮ ಹೀಗೆ: ಮೊದಲು ಕ್ಯಾಸ್ಲಿಂಗ್, ಆಮೇಲೆ ಬಿ6, ಆಮೇಲೆ ಒಂಟೆ ಬಿ7. ಬಿಳಿ ಬಿ4 ಆಡಿದರೆ ಎ5 ಆಡಿ ಆ ಪಾನ್‌ಗಳನ್ನು ಕೆಣಕುವ ಅವಕಾಶ ನೋಡುತ್ತಿರಿ.

ಬಿಳಿ ಎ3 ಆಡದೆ ನೇರ 7. ಇ3 ಆಡಿದರೆ ಇನ್ನೂ ಜಾಗ್ರತೆ ಬೇಕು. ಅದು ಒಂದು ನಡೆ ಉಳಿಸಿತು. 7... ಜಿ4ರ ಕುದುರೆ×ಇ5 8. ಕುದುರೆ×ಇ5, ಕುದುರೆ×ಇ5 9. ಒಂಟೆ ಇ2, ಕ್ಯಾಸ್ಲಿಂಗ್ 10. ಕ್ಯಾಸ್ಲಿಂಗ್. ಈಗ ಬಿಳಿಯ ಡಿ2 ಕುದುರೆ ಬಿ3ಕ್ಕೆ ಹೋದರೆ ಎ5, ಸಿ5 ಎರಡೂ ಮನೆಗಳು ಅದರ ಕೈಗೆ ಬರುತ್ತವೆ. ಮುಂದೆ ಎ3 ಬಂದಾಗ ಬಿ4ರ ಒಂಟೆಗೆ ನೆಮ್ಮದಿ ಇರುವುದಿಲ್ಲ. ಅದಕ್ಕೇ ಕಲಿಯುವವರಿಗೆ ನಾನು ಹೇಳುವುದು 10... ಒಂಟೆ×ಡಿ2 11. ರಾಣಿ×ಡಿ2, ಡಿ6. 1992ರಲ್ಲಿ ಲಿನಾರೆಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾರ್ಪೊವ್ ವಿರುದ್ಧ ಗ್ರ್ಯಾಂಡ್‌ಮಾಸ್ಟರ್ ನೈಜೆಲ್ ಶಾರ್ಟ್ ಇದನ್ನೇ ಆಡಿದರು. ಕಾರ್ಪೊವ್ 12. ಬಿ4 ಆಡಿದರು, ಕೊನೆಗೆ ಗೆದ್ದರು. ಆ ಆಟವನ್ನು ಹುಡುಕಿ ಪೂರ್ತಿ ನೋಡಿ. ಬಿಳಿ ಆತುರವಿಲ್ಲದೆ ಹೇಗೆ ಹಿಂಡುತ್ತದೆ ಎಂದು ನಾನು ಹೇಳುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ದಾರಿ ಎರಡು: 6. ಕುದುರೆ ಸಿ3. ಇಲ್ಲಿ ಒಂಟೆ ಕೊಟ್ಟು ಪಾನ್ ಸಾಲು ಒಡೆಯಬೇಕು: 6... ಒಂಟೆ×ಸಿ3+ 7. ಬಿ×ಸಿ3, ರಾಣಿ ಇ7 8. ರಾಣಿ ಡಿ5. ಈಗ ನಿಂತು ಎಣಿಸಿ. ಮೂರಕ್ಕೆ ಮೂರು! ದಾರಿ ಒಂದರ ನೆನಪಿನಲ್ಲಿ ಇ5 ಹೊಡೆದರೆ ಒಂದು ಕುದುರೆ ಹೋಗುತ್ತದೆ. ನಾನು ನೋಡಿದ ತಪ್ಪುಗಳಲ್ಲಿ ಇದೇ ಮೊದಲನೆಯದು.

ಸರಿಯಾದ ನಡೆ 8... ಎಫ್6. ಮುಂದೆ 9. ಇ×ಎಫ್6, ಕುದುರೆ×ಎಫ್6. ಕುದುರೆ ಬಂದು ರಾಣಿಯನ್ನೇ ಕೆಣಕಿತು, ಅದು ಜಾಗ ಬಿಡಬೇಕು. ಆಮೇಲೆ ಡಿ6, ಕ್ಯಾಸ್ಲಿಂಗ್. ಇಲ್ಲಿ ಪಾನ್ ವಾಪಸ್ ಬರಲಿಲ್ಲ, ಇದು ನಿಜವಾದ ಗ್ಯಾಂಬಿಟ್. ಬದಲಿಗೆ ಬಿಳಿಯ ಸಿ3, ಸಿ4 ಪಾನ್‌ಗಳು ಒಂದರ ಹಿಂದೆ ಒಂದು ಸಿಕ್ಕಿಕೊಂಡಿವೆ. ಸಿ4ರ ಮೇಲೆ ಬೀಳುವುದೇ ನಮ್ಮ ಯೋಜನೆ: ಬಿ6, ಒಂಟೆ ಎ6, ಕುದುರೆ ಎ5. ಇನ್ನೊಂದು ಕುದುರೆ ಇ4ಕ್ಕೆ. ಪಾನ್ ಕಡಿಮೆ ಇದೆ ಎಂದು ಅವಸರದಲ್ಲಿ ರಾಣಿಗಳನ್ನು ಬದಲಿಸಿಕೊಳ್ಳಬೇಡಿ.

1918ರಲ್ಲಿ ಬರ್ಲಿನ್‌ನಲ್ಲಿ ರುಬಿನ್‌ಸ್ಟೈನ್ ವಿರುದ್ಧ ವಿಡ್ಮಾರ್ ಕಪ್ಪು ಕಾಯಿಯಿಂದ 24 ನಡೆಗಳಲ್ಲಿ ಗೆದ್ದ ಆಟ ಈ ದಾರಿಯದ್ದೇ. ನಡೆಗಳ ಕ್ರಮ ಅಲ್ಲಿ ಸ್ವಲ್ಪ ಬೇರೆ, ವಿಡ್ಮಾರ್ ರಾಣಿಯನ್ನು ಎ3ಕ್ಕೆ ಕಳಿಸುತ್ತಾರೆ. ಎಫ್6 ಆದಮೇಲೆ ಕಾಯಿಗಳು ಎಷ್ಟು ಬೇಗ ಹೊರಬರುತ್ತವೆ ನೋಡಿ.

## ಹಂತ 5: ಬಿಳಿ 4. ಇ4 ಆಡಿದರೆ

ಬಿಳಿ ಪಾನ್ ವಾಪಸ್ ಕೊಟ್ಟು ನಡುಭಾಗ ಹಿಡಿಯಲು ನೋಡುತ್ತದೆ. 4... ಕುದುರೆ×ಇ5 5. ಎಫ್4. ಕುದುರೆ ಎಲ್ಲಿಗೆ? ಜಿ6ಕ್ಕೂ ಹೋಗುತ್ತಾರೆ, ಆದರೆ ಎಫ್5 ಬಂದರೆ ಅಲ್ಲಿಂದ ಮತ್ತೆ ಏಳಬೇಕು. ಸಿ6ಕ್ಕೆ ಹೋಗಿ.

6. ಕುದುರೆ ಎಫ್3 ಬಂದರೆ 6... ಒಂಟೆ ಸಿ5. ಎಫ್ ಪಾನ್ ಮುಂದೆ ಹೋಗಿದೆಯಲ್ವಾ, ಹಾಗಾಗಿ ಜಿ1ರ ತನಕ ಒಂಟೆಗೆ ದಾರಿ ಖಾಲಿ. ಬಿಳಿ ರಾಜ ಆ ಕಡೆ ಕ್ಯಾಸ್ಲಿಂಗ್ ಮಾಡಲಾರ. 6. ಒಂಟೆ ಇ3 ಆಡಿ ಅದನ್ನು ತಡೆದರೆ 6... ಒಂಟೆ ಬಿ4+. ಕುದುರೆ ಸಿ3ಕ್ಕೆ ಬಂದರೆ ಅದನ್ನು ಹೊಡೆದು ಪಾನ್ ಸಾಲು ಕೆಡಿಸಿ, ರಾಣಿಯನ್ನು ಇ7ಕ್ಕೆ ತಂದು ಇ4 ಮೇಲೆ ಒತ್ತಡ ಹಾಕಿ. ಬಿ8ರ ಕುದುರೆ ಎ6 ಮೂಲಕ ಸಿ5 ಕಡೆಗೆ ಹೊರಡಲಿ.

ಬಿಳಿಯ ದೊಡ್ಡ ಪಾನ್ ಗೋಡೆ ನೋಡಿ ಹೆದರಿ ಸುಮ್ಮನೆ ಕೂರುವುದೇ ಇಲ್ಲಿನ ತಪ್ಪು. ಅದರ ಹಿಂದೆ ಕಾಯಿಗಳು ಬಂದು ಸೇರುವ ಮೊದಲೇ ಕೆಣಕಬೇಕು.

## ಹಂತ 6: ಅಪರೂಪದ ನಡೆಗಳು

4. ರಾಣಿ ಡಿ4 ಆಡಿದರೆ 4... ಡಿ6 5. ಇ×ಡಿ6, ಒಂಟೆ×ಡಿ6. ಪಾನ್ ಹೋಯಿತು, ಆದರೆ ನಮ್ಮ ಕಾಯಿಗಳು ಬೇಗ ಹೊರಬಂದವು. ಬಿಳಿ ಆಸೆಯಿಂದ 6. ರಾಣಿ×ಜಿ7 ಹೊಡೆದರೆ 6... ಒಂಟೆ ಇ5. ರಾಣಿಗೆ ಉಳಿದ ಒಂದೇ ದಾರಿ ಜಿ5. 7. ರಾಣಿ ಜಿ5, ರಾಣಿ×ಜಿ5 8. ಒಂಟೆ×ಜಿ5, ಒಂಟೆ×ಬಿ2. ಮೂಲೆಯ ಆನೆ ಸಿಕ್ಕಿಬಿತ್ತು.

4. ಇ6 ಆಡಿದರೆ ಕೂಡಲೇ ಹೊಡೆಯಬೇಡಿ. ಡಿ×ಇ6 ಆಡಿದರೆ ರಾಣಿಗಳು ಬದಲಾಗಿ ನಿಮ್ಮ ರಾಜ ಕ್ಯಾಸ್ಲಿಂಗ್ ಹಕ್ಕು ಕಳೆದುಕೊಳ್ಳುತ್ತಾನೆ. ಮೊದಲು 4... ಒಂಟೆ ಬಿ4+. ಬಿಳಿ ಒಂಟೆಯನ್ನು ಡಿ2ಕ್ಕೆ ಅಡ್ಡ ಇಟ್ಟರೆ 5... ರಾಣಿ ಎಫ್6, ಎಫ್2ರಲ್ಲಿ ಚೆಕ್‌ಮೇಟ್ ಬೆದರಿಕೆ.

ಮೂರನೇ ನಡೆಯಲ್ಲೇ ಪಾನ್ ತೆಗೆದುಕೊಳ್ಳದೆ 3. ಡಿ5 ಆಡುವವರೂ ಇದ್ದಾರೆ. 3... ಒಂಟೆ ಸಿ5, ಆಮೇಲೆ ಡಿ6, ಕ್ಯಾಸ್ಲಿಂಗ್, ಅಷ್ಟೇ. ಬಿಳಿ 4. ಒಂಟೆ ಜಿ5 ಆಡಿದರೆ ಮಾತ್ರ ಎಚ್ಚರವಾಗಿರಿ: 4... ಕುದುರೆ ಇ4! ಈಗ 5. ಒಂಟೆ×ಡಿ8 ಹೊಡೆದು ರಾಣಿ ಗೆದ್ದೆ ಅಂದುಕೊಂಡರೆ 5... ಒಂಟೆ×ಎಫ್2 ಚೆಕ್‌ಮೇಟ್.

## ಹಂತ 7: ಆಟದ ನಡುವೆ ಕಾಣುವ ಅಪಾಯದ ಗುರುತುಗಳು

ಹದಿನೈದನೇ ನಡೆಗೂ ಸಿ8ರ ಒಂಟೆ ಮನೆಯಲ್ಲೇ ಇದ್ದರೆ ನಿಮ್ಮ ಕ್ರಮ ಎಲ್ಲೋ ತಪ್ಪಿದೆ. ಹಂತ 3ರಲ್ಲಿ ಆನೆ ದಾಟಲೆಂದು ಕಾಯುವುದು ಬೇರೆ. ಮರೆತು ಬಿಡುವುದು ಬೇರೆ.

ಇ5 ಕುದುರೆಗೆ ಎಫ್4 ಬಂದರೆ ಹೋಗಲು ಮನೆ ಇದೆಯೇ ಎಂದು ಪ್ರತಿ ನಡೆಗೂ ನೋಡಿ. ಜಿ6, ಸಿ6, ಡಿ7 ಮೂರನ್ನೂ ಸ್ವಂತ ಕಾಯಿಗಳಿಂದ ತುಂಬಬೇಡಿ.

ಇ5 ಪಾನ್ ಇನ್ನೂ ಬಿಳಿಯ ಕೈಯಲ್ಲಿರುವಾಗ ನಿಮಗೇ ಡಿ6 ಆಡಬೇಕು ಅನ್ನಿಸಿದರೆ ನಿಲ್ಲಿ. ಬಿಳಿ ರಾಣಿ ಡಿ4ಕ್ಕೆ ಬಂದ ಆಟದಲ್ಲಿ ಅದು ಸರಿ. ಹಂತ 3, ಹಂತ 4ರಲ್ಲಿ ಹಾಗೆ ಮಾಡಿದರೆ ಬಿಳಿ ಇ×ಡಿ6 ಹೊಡೆದು ಒಂದು ಪಾನ್ ಜಾಸ್ತಿ ಇಟ್ಟುಕೊಂಡು ಆಡುತ್ತದೆ.

## ಹಂತ 8: ಅಭ್ಯಾಸ

ಒಂದು ಕಾಗದದಲ್ಲಿ ಬಿಳಿಯ ನಾಲ್ಕನೇ ನಡೆಗಳನ್ನು ಒಂದರ ಕೆಳಗೊಂದು ಬರೆಯಿರಿ. ಪಕ್ಕದಲ್ಲಿ ನಮ್ಮ ಉತ್ತರ, ಮತ್ತು ಆ ಉತ್ತರ ಯಾಕೆ ಎಂದು ಒಂದೇ ಸಾಲು. ಆ ಸಾಲನ್ನು ನಿಮ್ಮ ಮಾತಲ್ಲೇ ಬರೆಯಿರಿ, ಇಲ್ಲಿಂದ ನಕಲು ಮಾಡಬೇಡಿ.

ಆಮೇಲೆ ಗೆಳೆಯರ ಜೊತೆ ಮೂರು ಜಾಗಗಳಿಂದ ಆಟ ಶುರು ಮಾಡಿ: ಹಂತ 3ರ ಒಂಬತ್ತನೇ ನಡೆ ಆದಮೇಲೆ, ಹಂತ 4ರ ದಾರಿ ಒಂದರಲ್ಲಿ ಡಿ6 ಆದಮೇಲೆ, ದಾರಿ ಎರಡರಲ್ಲಿ ಕುದುರೆ×ಎಫ್6 ಆದಮೇಲೆ. ಪ್ರತಿಯೊಂದನ್ನೂ ಎರಡೂ ಬಣ್ಣದಿಂದ ಆಡಿ. ಬಿಳಿ ಕಡೆ ಕೂತು ಸಿ5 ತಳ್ಳಿ ನೋಡಿದವರಿಗೆ, ಕಪ್ಪು ಕಡೆ ಕೂತಾಗ ಅದು ಬರುವುದು ಮೊದಲೇ ಕಾಣುತ್ತದೆ. ಎಂಜಿನ್ ಅನ್ನು ಆಟ ಮುಗಿದಮೇಲೆ ಮಾತ್ರ ತೆರೆಯಿರಿ. ಅದಕ್ಕೂ ಮುಂಚೆ ನಿಮ್ಮ ಸ್ಕೋರ್‌ಶೀಟ್‌ನಲ್ಲಿ, ಇ5 ಎಣಿಸದೆ ಆಡಿದ ಮೊದಲ ನಡೆ ಯಾವುದೆಂದು ನೀವೇ ಹುಡುಕಿ ಗುರುತು ಹಾಕಿ.